ವೆಲ್ಡಾ ಕ್ರೈಡರ್ ಅವರ ಕಚೇರಿಯಿಂದ ಹೋದ ಮಾತು

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಸಾಲು ಮೇಲಕ್ಕೆ ಹತ್ತುತ್ತದೆ. ಮಾತುಗಳೂ ಅಷ್ಟಕ್ಕಷ್ಟೆ. ಹತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ನಮ್ಮ ಕೌಂಟಿಯ ಗ್ರಂಥಾಲಯದವರು ಇಲ್ಲಿನ ಸಾಮಾನ್ಯ ಜನರ ಬದುಕನ್ನು ಬರೆಸಿ ಪುಸ್ತಕ ಮಾಡುತ್ತಿದ್ದಾರೆ. ವೆಲ್ಡಾ ಕ್ರೈಡರ್ ಅವರ ಬಗ್ಗೆ ನೀನು ಬರೆ, ಒಂದೂವರೆ ವರ್ಷ ಅವರ ಪಕ್ಕದಲ್ಲಿ ಕೂತವಳು ಎಂದರು. ಒಳ್ಳೆಯದನ್ನು ಮಾತ್ರ ಬರೆಯಬೇಕೆ ಎಂದು ಕೇಳಿದೆ. ನಡೆದದ್ದನ್ನು ಬರೆ ಎಂದರು. ಬರೆದು ವೆಲ್ಡಾ ಅವರಿಗೆ ತೋರಿಸಿದ್ದೇನೆ. ಒಂದೇ ಒಂದು ಕಡೆ ತಿದ್ದಿಸಿದರು, ಅದೂ ತಮಗೆ ಅನುಕೂಲವಾಗುವ ಹಾಗಲ್ಲ.

ವೆಲ್ಡಾ ಅವರ ತಂದೆ ಇದ್ದಿಲು ಸುಡುವ ಗೂಡುಗಳಲ್ಲಿ ದುಡಿದವರು. ಮನೆಯಲ್ಲಿ ಆರು ಮಕ್ಕಳು, ಇವರು ನಾಲ್ಕನೆಯವರು. ಹದಿನೆಂಟಕ್ಕೆ ಮದುವೆಯಾಗಿ ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡು, ಕಾರ್ಲಾ ಎಂಬ ಒಬ್ಬ ಮಗಳನ್ನು ಕಟ್ಟಿಕೊಂಡು ದನದ ಸಂತೆಯ ಚೀಟಿ ಕಿಟಕಿಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಹರಾಜು ಕೂಗುತ್ತಿದ್ದವರು ವೆಂಡೆಲ್ ಹ್ಯಾಲಮ್. ಅವರ ಗಂಟಲು ಕೇಳಿದರೆ ಕೊಳ್ಳಲೆಂದು ಬಂದಿರದವನೂ ಕೈ ಎತ್ತುತ್ತಿದ್ದನಂತೆ. ಆ ಗಂಟಲನ್ನೇ ಹಿಡಿದುಕೊಂಡು ಹ್ಯಾಲಮ್ ಸಂಸತ್ತಿಗೆ ನಿಂತರು. ದೇವರು, ಬಂದೂಕು, ಹುಟ್ಟದ ಮಗುವಿನ ಪ್ರಾಣ, ತೆರಿಗೆ ಇಳಿಸುವುದು, ಇವು ನಾಲ್ಕೇ ಅವರ ಮಾತು. ನಮ್ಮ ಬೆಟ್ಟದ ಜನಕ್ಕೆ ಐದನೆಯದು ಬೇಕಿರಲಿಲ್ಲ. ಆರು ಸಲ ಗೆದ್ದರೆ ಸಾಕು, ಏಳನೆಯ ಸಲ ಕೇಳುವುದಿಲ್ಲ ಎಂದು ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳಿದ್ದರು. ಎರಡೆರಡು ವರ್ಷಕ್ಕೊಂದು ಅವಧಿ, ಈಗ ಹನ್ನೆರಡನೆಯದು ನಡೆಯುತ್ತಿದೆ.

ಗೆದ್ದ ಮೇಲೆ ನಮ್ಮೂರಿನ ಹಳೆಯ ಬ್ಯಾಂಕಿನ ಕಟ್ಟಡದಲ್ಲಿ ಕಚೇರಿ ತೆರೆದು ವೆಲ್ಡಾ ಅವರನ್ನು ಕೂರಿಸಿದರು. ಇಪ್ಪತ್ತಮೂರು ವರ್ಷ ಅವರು ಅಲ್ಲಿ ಕೂತರು. ಯುದ್ಧಕ್ಕೆ ಹೋಗಿ ಬಂದವನಿಗೆ ಬಾರದ ಪದಕ, ಸತ್ತವನ ಗೋರಿಗೆ ಸರ್ಕಾರ ಕೊಡುವ ಕಲ್ಲು, ವಿಧವೆಯ ವೇತನ, ಎಲ್ಲಕ್ಕೂ ಜನ ಅವರ ಬಳಿಯೇ ಬರುತ್ತಿದ್ದರು. ಅವರು ಫೋನು ಕಿವಿಗಿಟ್ಟುಕೊಂಡು ಗಂಟೆಗಟ್ಟಲೆ ಕಾಯುತ್ತಿದ್ದರು. ಕೆಲಸವಾದರೆ ಜನ ಹ್ಯಾಲಮ್ ಅವರನ್ನು ಹೊಗಳುತ್ತಿದ್ದರು. ಹ್ಯಾಲಮ್ ವರ್ಷಕ್ಕೆ ನಾಲ್ಕು ಸಲ ಬಂದು ವೆಲ್ಡಾ ಅವರು ಮಾಡಿದ ಹಣ್ಣಿನ ಪೈ ತಿಂದು ಹೋಗುತ್ತಿದ್ದರು.

ಹ್ಯಾಲಮ್ ಅವರ ಮೇಲೆ ಅಪವಾದ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಜನರಿಗೆ ಸಮಾಧಾನ ಹೇಳುತ್ತಿದ್ದವರೂ ವೆಲ್ಡಾ ಅವರೇ. ಏಳನೆಯ ಸಲ ನಿಂತಾಗ, ದೇಶ ಅಪಾಯದಲ್ಲಿರುವಾಗ ಹೇಗೆ ಬಿಟ್ಟುಹೋಗುತ್ತಾರೆ ಎಂದರು. ಸರ್ಕಾರದ ರಸ್ತೆ ಹ್ಯಾಲಮ್ ಅವರ ಭಾವಮೈದುನನ ಜಮೀನಿನ ಗೇಟಿನವರೆಗೆ ಬಂದು ನಿಂತಾಗ, ರಸ್ತೆ ಎಲ್ಲಾದರೂ ನಿಲ್ಲಲೇಬೇಕಲ್ಲ ಎಂದರು. ಮದುವೆಯಿಲ್ಲದೆ ಹೆರುವ ಹೆಂಗಸರು ಸರ್ಕಾರದ ಚೆಕ್ಕಿಗಾಗಿಯೇ ಹೆರುತ್ತಾರೆ ಎಂದು ಹ್ಯಾಲಮ್ ರೇಡಿಯೋದಲ್ಲಿ ಹೇಳಿದಾಗ, ಅವರು ಹೇಳಿದ್ದು ನಗರದವರ ಬಗ್ಗೆ ಎಂದರು. ಆಗ ಕಾರ್ಲಾಳ ಮಗುವಿಗೆ ಎರಡು ವರ್ಷ. ಕಾರ್ಲಾಗೆ ಮದುವೆಯಾಗಿರಲಿಲ್ಲ. ಆ ಕ್ರಿಸ್‌ಮಸ್‌ಗೆ ಅವಳು ಮನೆಗೆ ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಇದನ್ನು ವೆಲ್ಡಾ ಅವರೇ ನನಗೆ ಹೇಳಿದರು, ಕಡತಕ್ಕೆ ದಾರ ಕಟ್ಟುತ್ತಾ, ನನ್ನ ಕಡೆ ನೋಡದೆ.

ನಾನು ಆ ಕಚೇರಿಗೆ ಸೇರಿದ್ದು ಅವರ ಕರುಣೆಯಿಂದ. ಚರ್ಚಿನಲ್ಲಿ ನನ್ನನ್ನು ನೋಡಿದ್ದರು. ಮಾತು ಕಡಿಮೆಯಾದರೇನು, ಬರೆಯಲು ಬರುತ್ತದಲ್ಲ ಎಂದು ಕರೆದುಕೊಂಡರು. ಬಂದವರು ವೆಲ್ಡಾ ಅವರ ಮುಂದೆ ಕೂತು ಕಷ್ಟ ಹೇಳುತ್ತಿದ್ದರು. ನಾನು ಪಕ್ಕದ ಸಣ್ಣ ಮೇಜಿನಲ್ಲಿ ಕೂತು ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕು. ಏನನ್ನೂ ಬಿಡಬೇಡ, ಅವರು ಹೇಳಿದ ಹಾಗೇ ಬರೆ, ನಾಳೆ ಯಾವ ಮಾತು ಕೆಲಸಕ್ಕೆ ಬರುತ್ತದೋ ಗೊತ್ತಿಲ್ಲ ಎಂದು ಮೊದಲ ದಿನವೇ ಕಲಿಸಿದರು. ನಾನು ಏನನ್ನೂ ಬಿಡುತ್ತಿರಲಿಲ್ಲ. ಮನೆಗೆ ಹೋಗುವ ಮುಂಚೆ ಎರಡು ಸಲ ಓದಿ, ತಪ್ಪಿದ್ದರೆ ಹೊಸ ಹಾಳೆಯಲ್ಲಿ ಮತ್ತೆ ಬರೆಯುತ್ತಿದ್ದೆ. ಕೆಳಗೆ ವೆಲ್ಡಾ ಅವರು ಸಹಿ ಹಾಕಿದ ಮೇಲೆ ಅದನ್ನು ಯಂತ್ರಕ್ಕೆ ಕೊಟ್ಟರೆ ಹ್ಯಾಲಮ್ ಅವರ ವಾಷಿಂಗ್ಟನ್ನಿನ ಕಚೇರಿಯಲ್ಲೂ ಕಾಣುತ್ತಿತ್ತು.

ನವೆಂಬರಿನಲ್ಲಿ, ಜಿಂಕೆ ಬೇಟೆಯ ಕಾಲ ಶುರುವಾದ ಎರಡನೆಯ ವಾರ, ಆರ್ವಲ್ ಪ್ರೂಯಿಟ್ ಬಂದರು. ವಿಸ್ಕಿ ಪೀಪಾಯಿಗೆ ಓಕ್ ಹಲಗೆ ಸೀಳುವ ಗಿರಣಿಯಲ್ಲಿ ದಿಮ್ಮಿ ಉರುಳಿ ಅವರ ಬೆನ್ನುಮೂಳೆ ಮುರಿದು ಒಂಬತ್ತು ವರ್ಷವಾಗಿತ್ತು. ಅಂಗವಿಕಲ ವೇತನ ಬರುತ್ತಿತ್ತು. ಅದರ ಮರುಪರಿಶೀಲನೆಯ ಕಾಗದ ಎಲ್ಲೋ ಸಿಕ್ಕಿಕೊಂಡಿದೆ, ಬಿಡಿಸಿಕೊಡಿ ಎಂದು ಕೇಳಲು ಬಂದಿದ್ದರು. ತಮ್ಮ ಕಡತ ನೋಡಲು ಕಚೇರಿಗೆ ಒಪ್ಪಿಗೆ ಕೊಟ್ಟು ಸಹಿ ಹಾಕಿದರು. ಆಮೇಲೆ ಜೇಬಿನಿಂದ ಒಂದು ಫೋಟೋ ತೆಗೆದರು. ಅದರಲ್ಲಿ ಅವರು ಸತ್ತ ಗಂಡು ಜಿಂಕೆಯ ಕೊಂಬು ಹಿಡಿದು ಕೂತಿದ್ದರು. ನಡೆಯಲಾಗದವರಿಗೆ ಗಾಡಿಯಲ್ಲಿ ಕೂತು ಗುಂಡು ಹೊಡೆಯಲು ಪರವಾನಗಿ ಕೊಡುತ್ತಾರೆ. ಇವರು ಟ್ರಕ್ಕಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಹೊಡೆದಿದ್ದರು. ಎಳೆದು ತಂದವನು ತಂಗಿಯ ಮಗ. ಇದೆಲ್ಲ ನಮಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು.

"ಇದನ್ನ ಯಾರು ಹೊತ್ಕೊಂಡ್ ಬಂದ್ರು ಆರ್ವಲ್?" ಎಂದು ವೆಲ್ಡಾ ಅವರು ಬೇಕೆಂದೇ ಕೆಣಕಿದರು.

"ಇನ್ಯಾರು, ನಾನೇ. ಇನ್ನೂರು ಪೌಂಡು ಕಣಮ್ಮ. ಹೆಗಲ್ ಮೇಲೆ ಹಾಕ್ಕೊಂಡು ದಿಬ್ಬ ಹತ್ಸಿಬಿಟ್ಟೆ. ದಾರೀಲಿ ಒಂದ್ಸಲ ಓಡ್ದೆ ಕೂಡ. ಸರ್ಕಾರಕ್ಕೆ ಮಾತ್ರ ಹೇಳ್ಬೇಡ."

ಹಾಗೆಂದು ನಕ್ಕು, ನಕ್ಕಿದ್ದಕ್ಕೆ ಬೆನ್ನು ಹಿಡಿದುಕೊಂಡು, ಕುರ್ಚಿಯ ಕೈ ಒತ್ತಿ ಎದ್ದರು. ನಮ್ಮ ಗಂಡಸರು ಮಾತಾಡುವುದೇ ಹೀಗೆ. ಕಾಲಿಲ್ಲದವನು ಓಟ ಗೆದ್ದೆ ಎನ್ನುತ್ತಾನೆ, ಕೇಳುವವರು ತಲೆಯಾಡಿಸುತ್ತಾರೆ. ನಾನು ಬರೆದದ್ದು ಇಷ್ಟು: "ಜಿಂಕೆ ಇನ್ನೂರು ಪೌಂಡು ಇತ್ತು, ತಾನೇ ಹೆಗಲ ಮೇಲೆ ಹೊತ್ತು ದಿಬ್ಬ ಹತ್ತಿಸಿದ್ದಾಗಿ ಹೇಳಿದರು. ದಾರಿಯಲ್ಲಿ ಒಮ್ಮೆ ಓಡಿದ್ದಾಗಿಯೂ ಹೇಳಿದರು. ಸರ್ಕಾರಕ್ಕೆ ಹೇಳಬೇಡಿ ಎಂದರು." ನಕ್ಕಿದ್ದನ್ನು ಬರೆಯಲಿಲ್ಲ. ನಗು ಮಾತಲ್ಲವಲ್ಲ, ಅದನ್ನು ಬರೆಯಬೇಕೆಂದು ನನಗೆ ಹೊಳೆಯಲಿಲ್ಲ. ವೆಲ್ಡಾ ಅವರು ಓದಿ ಇನ್ನೊಮ್ಮೆ ನಕ್ಕು ಸಹಿ ಹಾಕಿದರು.

ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಅಂಗವಿಕಲ ವೇತನ ಕಡಿಮೆ ಮಾಡುವ ಮಸೂದೆ ಬಂತು. ಹ್ಯಾಲಮ್ ಎದ್ದು ನಿಂತು ಹೇಳಿದರು: ನನ್ನ ಕ್ಷೇತ್ರದಲ್ಲಿ ಒಬ್ಬನಿದ್ದಾನೆ, ಬೆನ್ನು ಮುರಿದಿದೆ ಎಂದು ನಿಮ್ಮ ತೆರಿಗೆಯ ದುಡ್ಡು ತಿನ್ನುತ್ತಾನೆ, ಇನ್ನೂರು ಪೌಂಡಿನ ಜಿಂಕೆ ಹೆಗಲ ಮೇಲೆ ಹೊತ್ತು ಗುಡ್ಡದ ಮೇಲೆ ಓಡುತ್ತಾನೆ, ಸರ್ಕಾರಕ್ಕೆ ಹೇಳಬೇಡಿ ಎನ್ನುತ್ತಾನೆ. ಟೀವಿಯಲ್ಲಿ ಅದನ್ನು ದಿನವಿಡೀ ತೋರಿಸಿದರು. ಹೆಸರು ಹೇಳಿರಲಿಲ್ಲ. ಆದರೆ ಆರ್ವಲ್ ಅವರ ಆ ಫೋಟೋದ ಇನ್ನೊಂದು ಪ್ರತಿ ದಿನಸಿ ಅಂಗಡಿಯ ಗೋಡೆಯಲ್ಲಿ, ಆ ವರ್ಷದ ಎಲ್ಲ ಜಿಂಕೆಗಳ ಸಾಲಿನಲ್ಲಿ, ಇನ್ನೂ ನೇತಾಡುತ್ತಿತ್ತು.

ಪೆಟ್ರೋಲ್ ಬಂಕಿನಲ್ಲಿ ಯಾರೋ ಅವರನ್ನು ತಡೆದು, "ಆರ್ವಲ್ಲಣ್ಣ, ನಮ್ಮ ಟ್ರಕ್ಕಿನ ಇಂಜಿನ್ ಎತ್ತಿಕೊಡ್ತೀಯಾ, ಬೇಕಾದ್ರೆ ಓಡ್ಬೇಡ, ನಡ್ಕೊಂಡೇ ಬಾ" ಎಂದರಂತೆ. ಅವರ ಹೆಂಡತಿ ನೇಡಿನ್ ಬುಧವಾರದ ಪ್ರಾರ್ಥನೆಗೆ ಬರುವುದನ್ನು ನಿಲ್ಲಿಸಿದರು. ಎರಡು ವಾರದಲ್ಲಿ ಯಾರೋ ವೇತನದ ಕಚೇರಿಗೆ ಫೋನು ಮಾಡಿ ಹೆಸರು ಹೇಳಿದರು. ವೇತನ ನಿಂತಿತು. ಏಪ್ರಿಲಿನಲ್ಲಿ ವಿಚಾರಣೆ ಇದೆ, ಮೋಸ ಮಾಡಿಲ್ಲವೆಂದು ತೋರಿಸಬೇಕು ಎಂದು ಕಾಗದ ಬಂತು.

ಆ ಭಾಷಣವನ್ನು ನಾನು ಕಚೇರಿಯಲ್ಲೇ ನೋಡಿದೆ. ನನ್ನ ವಾಕ್ಯಗಳು, ನಾನು ಬರೆದ ಕ್ರಮದಲ್ಲೇ ಇದ್ದವು. ವೆಲ್ಡಾ ಅವರು ಕಡತ ತೆಗೆದು ಮೇಜಿನ ಮೇಲೆ ಇಟ್ಟರು, ತೆರೆಯಲಿಲ್ಲ. ವಾಷಿಂಗ್ಟನ್ನಿಗೆ ಫೋನು ಮಾಡಿದರು. ಅಲ್ಲಿನ ಹುಡುಗನೊಬ್ಬ, ಹೆಸರಿಲ್ಲ ಅಂದಮೇಲೆ ತೊಂದರೆ ಇಲ್ಲ ಎಂದನಂತೆ. ಆಮೇಲೆ ಅವರು ಕಡತವನ್ನು ಕಪಾಟಿಗೆ ಸೇರಿಸಿದರು. ಆರ್ವಲ್ ಅವರಿಗೆ ಹೇಳೋಣವೇ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನಾನೂ ಆ ಕಪಾಟು ಮುಚ್ಚಿದರೆ ಸಾಕು ಎಂದುಕೊಂಡಿದ್ದೆ.

ಮಾರ್ಚಿನಲ್ಲಿ ಲಿಂಕನ್ ಊಟ, ಪಕ್ಷಕ್ಕೆ ಹಣ ಕೂಡಿಸಲು ವರ್ಷಕ್ಕೊಮ್ಮೆ ಹಾಕುವುದು. ಶಾಲೆಯ ಊಟದ ಕೋಣೆಯಲ್ಲಿ ಹಂದಿತೊಡೆ, ಬೀನ್ಸು, ಕೊನೆಗೆ ಪೈಗಳ ಹರಾಜು. ಹರಾಜನ್ನು ಹ್ಯಾಲಮ್ ತಾವೇ ಕೂಗುತ್ತಾರೆ, ಹಳೆಯ ಗಂಟಲು ಇನ್ನೂ ಹಾಗೇ ಇದೆ. ಆರ್ವಲ್ ಮತ್ತು ನೇಡಿನ್ ಬಂದಿದ್ದರು. ಪ್ರತಿವರ್ಷ ಬರುವವರು, ಈ ವರ್ಷ ಬರದಿದ್ದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತಿತ್ತು. ಹ್ಯಾಲಮ್‌ಗೆ ಅವರ ಗುರುತಿಲ್ಲ. ಪೈ ಕೂಗುವ ಮುಂಚೆ ಜಿಂಕೆಯ ಕಥೆಯನ್ನು ಮತ್ತೆ ಹೇಳಿದರು. ಈ ಸಲ ಬೆನ್ನು ಬಗ್ಗಿಸಿ, ಹೊತ್ತವನ ಹಾಗೆ ಓಡಿ ತೋರಿಸಿದರು.

ಜನ ನಕ್ಕರು. ಕೆಲವರು ಮೂರನೆಯ ಮೇಜಿನ ಕಡೆ ತಿರುಗಿ ನಕ್ಕರು. ಅಲ್ಲಿ ಆರ್ವಲ್ ಎಲ್ಲರಿಗಿಂತ ಜೋರಾಗಿ, ಮೇಜು ತಟ್ಟಿ ನಗುತ್ತಿದ್ದರು. ನೇಡಿನ್ ತಟ್ಟೆ ನೋಡುತ್ತಿದ್ದರು. ಕಾಫಿ ಪಾತ್ರೆ ಹಿಡಿದು ಗೋಡೆಗೆ ಒರಗಿದ್ದ ನಾನೂ ಹಲ್ಲು ಬಿಟ್ಟೆ. ವೆಲ್ಡಾ ಅವರು ಮುಗುಳ್ನಕ್ಕರು ಎಂದು ಮೊದಲು ಬರೆದಿದ್ದೆ. ಅದನ್ನೇ ಅವರು ತಿದ್ದಿಸಿದ್ದು. ನಕ್ಕೆ ಅಂತ ಬರೆ, ಬಾಯಿ ತೆರೆದು ನಕ್ಕೆ ಎಂದರು. ಆಮೇಲೆ ಹ್ಯಾಲಮ್, ವೆಲ್ಡಾ ಅವರು ಮಾಡಿ ತಂದಿದ್ದ ನೆಲ್ಲಿಕಾಯಿ ಪೈ ಎತ್ತಿ ಹಿಡಿದು, ಇದನ್ನು ಮಾಡಿದ ಕೈ ಇಲ್ಲದಿದ್ದರೆ ನಾನಿಲ್ಲ ಎಂದರು. ಅದು ನಿಜ.

ಮರುದಿನ ಚರ್ಚು ಮುಗಿದ ಮೇಲೆ ವೆಲ್ಡಾ ಅವರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಪ್ರೂಯಿಟ್ ಅವರ ಮನೆಗೆ ಹೋದರು. ಆರ್ವಲ್ ಒರಗು ಕುರ್ಚಿಯಲ್ಲಿದ್ದರು, ನೇಡಿನ್ ಕೂರಿ ಎನ್ನಲಿಲ್ಲ.

"ಆ ಮಾತು ನಮ್ಮ ಕಚೇರಿಯಿಂದ ಹೋಯ್ತು ಆರ್ವಲ್," ವೆಲ್ಡಾ ಅವರು ನಿಂತೇ ಹೇಳಿದರು. "ಸಹಿ ನಂದು."

"ಗೊತ್ತು."

"ಯಾರ್ ಹೇಳಿದ್ರು?"

"ಯಾರ್ ಹೇಳ್ಬೇಕು? ನಾನು ಓಡ್ದೆ ಅಂತ ಹೇಳಿದ್ದು ನಿನ್ನ ಮುಂದೆ ಮಾತ್ರ. ಬೇರೆ ಕಡೆ ಹೊತ್ತೆ ಅಂತಷ್ಟೇ ಹೇಳಿದ್ದು."

"ಗೊತ್ತಿದ್ದೂ ಸುಮ್ನಿದ್ಯಾ? ಬಂದು ಬಯ್ಯಬಾರ್ದಿತ್ತಾ?"

ಆರ್ವಲ್ ಕುರ್ಚಿಯ ಕೈ ಒತ್ತಿ ಸ್ವಲ್ಪ ನೆಟ್ಟಗೆ ಕೂತರು. "ಬಯ್ದಿದ್ರೆ ನನ್ನ ಕಾಗದ ಯಾರು ನೋಡ್ತಿದ್ರು ವೆಲ್ಡಾ? ನಿನ್ನ ಬಿಟ್ರೆ ನಮಗಿನ್ಯಾರಿದ್ದಾರೆ?"

ಆಮೇಲೆ, ಕಾಗದ ಇನ್ನೂ ಮುಂದಕ್ಕೆ ಹೋಗ್ತಾ ಇದೆಯಾ ಎಂದು ಮೆಲ್ಲಗೆ ಕೇಳಿದರು. ನೇಡಿನ್ ಅಡುಗೆಮನೆಗೆ ಹೋಗಿಬಿಟ್ಟರು. ಮನುಷ್ಯನೊಬ್ಬ ತನ್ನನ್ನು ಹೊಡೆದವರಿಗೆ ನೋವಾಗದ ಹಾಗೆ ಮಾತಾಡುವುದನ್ನು ಅಂದು ನೋಡಿದೆ. ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು.

ಸೋಮವಾರ ವೆಲ್ಡಾ ಅವರು ವಿಚಾರಣೆಗೆಂದು ಒಂದು ಹೇಳಿಕೆ ಬರೆದರು: ಆ ಮಾತು ತಮಾಷೆಗೆ ಆಡಿದ್ದು, ತಮಾಷೆಯೆಂದು ತಿಳಿದೂ ನಾನು ಸಹಿ ಹಾಕಿದೆ. ಕಚೇರಿಯವರು ಇಂಥ ಹೇಳಿಕೆ ಕೊಡುವಂತಿಲ್ಲ ಎಂದು ವಾಷಿಂಗ್ಟನ್ನಿನ ಹುಡುಗ ಹೇಳಿದ. ಮಧ್ಯಾಹ್ನ ಹ್ಯಾಲಮ್ ಅವರೇ ಫೋನು ಮಾಡಿದರು. ಆ ಗಂಟಲು ನನ್ನ ಮೇಜಿನವರೆಗೂ ಕೇಳುತ್ತಿತ್ತು. ನಾನೇನು ಅವನ ಹೆಸರು ಹೇಳಿದ್ನಾ, ಹೇಳು ವೆಲ್ಡಾ ಎಂದರು.

"ಈ ಊರಲ್ಲಿ ಹೆಸರು ಹೇಳೋದು ಬೇಕಾಗಲ್ಲ, ವೆಂಡೆಲ್," ಎಂದರು ವೆಲ್ಡಾ. ಅಲ್ಲಿಯವರೆಗೆ ಅವರು ಸಾಹೇಬರೇ ಎಂದೇ ಕರೆಯುತ್ತಿದ್ದದ್ದು. ಸಂಜೆ ಹೇಳಿಕೆಯನ್ನು ಅಂಚೆಗೆ ಹಾಕಿದರು, ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದರು. ನಾನೂ ಅವರ ಹಿಂದೆ ಬಂದೆ. ಈಗ ಆ ಕಚೇರಿಯಲ್ಲಿ ಬೇರೆಯವರಿದ್ದಾರೆ.

ವೆಲ್ಡಾ ಅವರಿಗೆ ಅರವತ್ತೊಂದು ವರ್ಷ. ಈಗ ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾರೆ. ಊರಿನಲ್ಲಿ ಅರ್ಧ ಜನ, ಉಪ್ಪು ತಿಂದ ಮನೆಗೆ ಎರಡು ಬಗೆದಳು ಎನ್ನುತ್ತಾರೆ. ಅವರು ಯಾರಿಗೂ ಸಮಾಧಾನ ಹೇಳಲು ಹೋಗುವುದಿಲ್ಲ. ಕಾರ್ಲಾಗೆ ಒಂದು ಪತ್ರ ಬರೆದಿದ್ದಾರೆ. ಉತ್ತರ ಬಂದಿದೆಯೋ ಇಲ್ಲವೋ ನಾನು ಕೇಳಿಲ್ಲ.

ಕಳೆದ ವಾರ ಆರ್ವಲ್ ಅವರ ವಕೀಲರು ವೆಲ್ಡಾ ಅವರ ಮನೆಗೆ ಬಂದಿದ್ದರು. ಸಹಿ ಹಾಕಿದವರ ಹೇಳಿಕೆ ಒಳ್ಳೆಯದೇ, ಆದರೆ ಕಿವಿಯಾರೆ ಕೇಳಿ ಬರೆದವರು ಬಂದು ಹೇಳಿದರೆ ವಿಚಾರಣಾಧಿಕಾರಿ ನಂಬುತ್ತಾರೆ ಎಂದರು. ಬರೆದದ್ದು ಯಾರು ಎಂದು ಕೇಳಿದರು. ಎಲ್ಲ ನಾನೇ, ಬರೆಸಿದ್ದೂ ನಾನೇ, ಬೇರೆ ಯಾರನ್ನೂ ಎಳೆಯಬೇಡಿ ಎಂದು ವೆಲ್ಡಾ ಅವರು ಹೇಳುತ್ತಿದ್ದದ್ದು ಆ ಹೊತ್ತಿಗೆ ಅವರ ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಮೊದಲು ಬಂದದ್ದು ಸಮಾಧಾನ. ಆ ಸಮಾಧಾನವೇ ನನಗೆ ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುತ್ತದೆ. ಎರಡು ದಿನ ಬಿಟ್ಟು ವಕೀಲರ ಕಚೇರಿಗೆ ನಡೆದು ಹೋಗಿ ನನ್ನ ಹೆಸರು ಕೊಟ್ಟು ಬಂದೆ.

ವಿಚಾರಣೆ ಬರುವ ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ. ನಾನು ಏಳಕ್ಕೆ ಹೊರಡುತ್ತೇನೆ. ಆರ್ವಲ್ ಪ್ರೂಯಿಟ್ ಆ ಮಾತು ಹೇಳಿ ನಕ್ಕರು, ನಕ್ಕು ಬೆನ್ನು ಹಿಡಿದುಕೊಂಡರು, ಅದನ್ನು ನಾನು ಬರೆಯಲಿಲ್ಲ ಎಂದು ಅಧಿಕಾರಿಯ ಮುಂದೆ ಹೇಳುತ್ತೇನೆ.