ನೋ ಕ್ಲೇಮ್ ಬೋನಸ್ ಮತ್ತು ವೀರಗಲ್ಲಿನ ಚಂದ್ರ

೨೦೨೫ನೆಯ ಇಸವಿ ನವೆಂಬರ್ ೧೪, ಶುಕ್ರವಾರ. ಆಧಾರ: ನನ್ನ ಕಾರಿನ ವಿಮೆಯ ನವೀಕರಣ ಸೂಚನಾಪತ್ರ, ಎರಡು ಪುಟ, ಜೊತೆಗೆ ಅದೇ ಕಡತದಲ್ಲಿರುವ ಹಿಂದಿನ ವರ್ಷಗಳ ಪತ್ರಗಳು. ಇವನ್ನೆಲ್ಲ ಎದುರಿಗಿಟ್ಟುಕೊಂಡು ಒಪ್ಪಿಕೊಳ್ಳುತ್ತಿದ್ದೇನೆ — ಧಾರವಾಡದಿಂದ ಮುಗದದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಸಣ್ಣ ಊರಿನ ವೀರಗಲ್ಲನ್ನು ಒಡೆದವನು ನಾನು. ಅದೇ ಊರಿನ ರೈತರಾದ ಫಕೀರಪ್ಪನವರಲ್ಲ. ಅವರ ಟ್ರ್ಯಾಕ್ಟರೂ ಅಲ್ಲ. ನನ್ನ ಕಾರು ಹಿಂದಕ್ಕೆ ಚಲಿಸುತ್ತಿತ್ತು, ನಡೆಸುತ್ತಿದ್ದವನು ನಾನೇ, ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮೂವತ್ತನಾಲ್ಕು ವರ್ಷ ಶಾಸನಗಳನ್ನು ಓದುವುದೇ ನನ್ನ ಕೆಲಸವಾಗಿತ್ತು. ತಿಥಿಗೂ ವಾರಕ್ಕೂ ಹೊಂದಿಕೆಯಾಗದ ಒಂದು ಸಾಲು ಕಂಡರೆ ಅದನ್ನು ಬರೆದವರಿಗೆ, ಅವರು ಎಷ್ಟೇ ಹಿರಿಯರಾಗಿರಲಿ, ಕಾರ್ಡು ಹಾಕಿ ತಿದ್ದುತ್ತಿದ್ದೆ. ಅಂಥವನು ಏಳು ವರ್ಷ ಒಂದು ಸುಳ್ಳನ್ನು ತಿದ್ದದೆ ಕುಳಿತದ್ದು ಹೇಗೆ — ಅದಕ್ಕೆ ಉತ್ತರ ಈ ವಿಮೆಯ ಕಡತದಲ್ಲಿದೆ.

ನನ್ನ ಕಾರು ೨೦೧೨ರದು. ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿದೆ; ಅದರ ವಿಮೆಯ ಕಂತು ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿದೆ. ನಿವೃತ್ತಿವೇತನದವನಿಗೆ ಈ ಏರಿಕೆಯ ವಿರುದ್ಧ ಇದ್ದ ಆಯುಧ ಒಂದೇ: ನೋ ಕ್ಲೇಮ್ ಬೋನಸ್. ವರ್ಷವಿಡೀ ಕಂಪನಿಯಿಂದ ಪರಿಹಾರ ಕೇಳದಿದ್ದರೆ ಮುಂದಿನ ವರ್ಷ ಸ್ವಂತ ಹಾನಿಯ, ಅಂದರೆ ನಮ್ಮ ಕಾರಿಗೇ ಆಗುವ ಹಾನಿಯ, ಭಾಗದ ಕಂತಿನಲ್ಲಿ ರಿಯಾಯಿತಿ. ಹಾಗೆ ಐದು ವರ್ಷ ಕಳೆದರೆ ಆ ಭಾಗ ಅರ್ಧಕ್ಕೆ ಇಳಿಯುತ್ತದೆ. ಒಂದೇ ಒಂದು ಸಲ ಕೇಳಿದರೆ ಮತ್ತೆ ಸೊನ್ನೆಯಿಂದ ಆರಂಭ. ೨೦೧೭ರ ನವೀಕರಣದಲ್ಲಿ ನಾನು ಆ ಅರ್ಧವನ್ನು ಮುಟ್ಟಿದೆ. ಪಿಎಚ್.ಡಿ. ಬಂದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಮುಟ್ಟಿದ ಮೇಲೆ ಉಳಿಸಿಕೊಳ್ಳಬೇಕಲ್ಲ? ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸುವುದನ್ನು ಬಿಟ್ಟೆ. ಹುಬ್ಬಳ್ಳಿಯ ಪೇಟೆಗೆ ಬಸ್ಸಿನಲ್ಲೇ ಹೋಗತೊಡಗಿದೆ. ನಮ್ಮ ಬೀದಿಯ ತಿರುವಿನಲ್ಲಿ ಎಮ್ಮೆ ಕಂಡರೆ ಎಂಜಿನ್ ಆರಿಸಿ, ಅದು ತನ್ನ ಮನಸ್ಸಿಗೆ ಬಂದಾಗ ದಾಟುವವರೆಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ಸುಶೀಲಾ ಒಮ್ಮೆ ಕೇಳಿಯೇಬಿಟ್ಟಳು: "ಗಾಡಿ ಇರೋದು ನಮ್ಮನ್ನ ಹೊತಗೊಂಡು ಹೋಗಲಿಕ್ಕೋ, ನಾವ ಗಾಡೀನ ಹೊತಗೊಂಡು ತಿರಗಬೇಕೋ, ಒಮ್ಮೆ ಹೇಳಿಬಿಡ್ರಿ."

ಇನ್ನು ಆ ದಿನದ ಸಂಗತಿ. ಅದು ದೀಪಾವಳಿಯ ದಿನವೆಂದು ನನ್ನ ನೆನಪು ಹೇಳುತ್ತಿತ್ತು. ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ತೆರೆದು ನೋಡಿದರೆ ೨೦೧೮ರ ನವೆಂಬರ್ ೧೧, ರವಿವಾರ. ಪಂಚಾಂಗದ ಪ್ರಕಾರ ಕಾರ್ತಿಕ ಶುದ್ಧ ಚತುರ್ಥಿ. ದೀಪಾವಳಿಯ ಅಮಾವಾಸ್ಯೆ ಹಿಂದಿನ ಬುಧವಾರವೇ ಆಗಿಹೋಗಿತ್ತು. ನೆನಪು ನಾಲ್ಕು ದಿನ ತಪ್ಪಿತ್ತು. ಅಷ್ಟನ್ನು ಕ್ಷಮಿಸಬಹುದೆಂದು ಆಗ ಅಂದುಕೊಂಡೆ.

ಆ ಊರಿನ ಹಿರಿಯರಾದ ಶಿವಪ್ಪಜ್ಜನಿಂದ ಹಳೆಯ ಕೆರೆಯ ವಿಚಾರ ಕೇಳಿ ಧ್ವನಿಮುದ್ರಿಸಿಕೊಳ್ಳಲು ಹೊರಟಿದ್ದೆ. ಕೆರೆಯ ತಿರುವಿನಲ್ಲಿ, ಗುಡಿಗೆ ಸ್ವಲ್ಪ ಈಚೆ, ಆ ವೀರಗಲ್ಲು ನಿಂತಿದೆ; ಎತ್ತರ ತೊಡೆಯವರೆಗೆ ಮಾತ್ರ. ಊರವರು ಅದಕ್ಕೆ ವೀರಪ್ಪ ಎನ್ನುತ್ತಾರೆ. ಎಣ್ಣೆ ಹಚ್ಚುತ್ತಾರೆ, ಕುಂಕುಮ ಇಡುತ್ತಾರೆ. ಕೆಳಗೆ ಹೋರಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಅದರ ಎಡಬಲಕ್ಕೆ ಸೂರ್ಯಚಂದ್ರರು — ಆ ಎರಡು ಇರುವವರೆಗೆ ಇವನ ಹೆಸರೂ ಇರಲಿ ಎಂಬ ಅರ್ಥದಲ್ಲಿ.

ಎದುರಿನಿಂದ ಒಂದು ಚಕ್ಕಡಿ ಬಂತು. ಜೋಳದ ಕಣಿಕೆಯ ಹೇರು ದಾರಿಯ ಎರಡೂ ಅಂಚನ್ನು ಮುಟ್ಟುವಂತಿತ್ತು. ಎತ್ತಿನ ಕೊಂಬು ಕಾರಿಗೆ ತಾಗಿದರೆ? ಒಂದು ಗೀರು ಬಿದ್ದರೆ? ನವೀಕರಣಕ್ಕೆ ಹದಿನೇಳೇ ದಿನ ಉಳಿದಿತ್ತು! ಬೋನಸ್ಸನ್ನು ಕಾಪಾಡುವ ಒಂದೇ ಧ್ಯಾನದಲ್ಲಿ, ಕೊಂಬುಗಳ ಮೇಲೆ ಕಣ್ಣಿಟ್ಟು, ಕಾರನ್ನು ಹಿಂದಕ್ಕೆ ಬಿಟ್ಟೆ. ಕಡಕ್ ಎಂದಿತು.

ಚಕ್ಕಡಿ ದಾಟಿಹೋಯಿತು. ಹೇರಿನ ಮೇಲೆ ಮಲಗಿದ್ದವನು ತಲೆ ಎತ್ತಿ ನೋಡಲೂ ಇಲ್ಲ. ಇಳಿದು ನೋಡಿದರೆ ಹಿಂದಿನ ಬಂಪರ್ ಒಳಗೆ ಹೋಗಿತ್ತು, ಮತ್ತು ಚಂದ್ರ ನೆಲದ ಮೇಲಿದ್ದ. ಅಂಗೈಯಷ್ಟು ಕಲ್ಲು. ಎಷ್ಟೋ ನೂರು ಮಳೆಗಾಲ ಕಂಡು ಅಲುಗದಿದ್ದದ್ದನ್ನು, ಅದರ ಕಾಲವನ್ನು ನಿರ್ಣಯಿಸಲು ಸಂಬಳ ಪಡೆದವನೊಬ್ಬ ರಿವರ್ಸ್ ಗೇರಿನಲ್ಲಿ ಕೆಡವಿದ್ದ.

ಆ ಚೂರನ್ನು ಎತ್ತಿ, ಕಲ್ಲಿನ ಬುಡದಲ್ಲಿ ಹಿಂದಿನ ದಿನದ ಹೂವಿನ ಪಕ್ಕದಲ್ಲಿಟ್ಟೆ. ಕಾರನ್ನು ಮುಂದೆ ಒಯ್ದು, ಬಂಪರ್ ಯಾರಿಗೂ ಕಾಣದಂತೆ ಬೇಲಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಅಜ್ಜನ ಮನೆಗೆ ಹೋದೆ. ಒಂದು ತಾಸು ಕೆರೆಯ ಬಗ್ಗೆ ಮಾತಾಡಿಸಿದೆ, ಚಹಾ ಕುಡಿದೆ — ಚುರುಮುರಿಯನ್ನೂ ತಿಂದೆ, ಎರಡು ಸಲ ಹಾಕಿಸಿಕೊಂಡು.

ಅಜ್ಜನೊಂದಿಗೆ ಹೊರಗೆ ಬಂದಾಗ ಕಲ್ಲಿನ ಸುತ್ತ ಏಳೆಂಟು ಜನ ನಿಂತಿದ್ದರು. ಅವರಲ್ಲಿ ಫಕೀರಪ್ಪನವರೂ ಇದ್ದರು. ಅಂದು ಬೆಳಿಗ್ಗೆ ಗೋವಿನಜೋಳ ತುಂಬಿದ ಟ್ರೇಲರನ್ನು ಅದೇ ತಿರುವಿನಲ್ಲಿ ಒಯ್ದವರು ಅವರು. ಎಲ್ಲರೂ ನನ್ನ ಮುಖ ನೋಡಿದರು; ಕಲ್ಲಿನ ವಿಷಯ ಬಲ್ಲವನು ನಾನಲ್ಲವೆ? ನನಗೆ ನೆನಪಿರುವಂತೆ, ಶಿವಪ್ಪಜ್ಜ ಹೇಳಿದರು: "ಟ್ರೇಲರ್ ಬಡದೈತಿ, ಮತ್ತೇನು." ನಾನು ಏನೂ ಹೇಳಲಿಲ್ಲ. ತಲೆಯಾಡಿಸಿದೆನೋ — ಇರಬಹುದು.

ಬಂಪರನ್ನು ನವೆಂಬರ್ ೧೩ರಂದು, ಧಾರವಾಡದಲ್ಲಿ ಪರಿಚಯದವರ ಕಣ್ಣಿಗೆ ಬೀಳಬಾರದೆಂದು, ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೈಯಿಂದ ಹಣ ಕೊಟ್ಟು ಸರಿಮಾಡಿಸಿದೆ, ರಸೀದಿ ಇದೆ. ಕಂಪನಿಗೆ ಅರ್ಜಿ ಹಾಕಿದ್ದರೆ "ಅಪಘಾತ ಸಂಭವಿಸಿದ ಬಗೆ" ಎಂಬ ಅಂಕಣ ತುಂಬಬೇಕಾಗುತ್ತಿತ್ತು. ಅಲ್ಲಿ ಸುಳ್ಳು ಬರೆಯಲು ನನ್ನ ಕೈ ಬರುತ್ತಿರಲಿಲ್ಲ. ನಿಜ ಬರೆದರೆ ಮಾನವೂ ಹೋಗುತ್ತಿತ್ತು, ಬೋನಸ್ಸೂ ಹೋಗುತ್ತಿತ್ತು. ಸುಶೀಲಾಗೆ ಹೇಳಿದ್ದು ಬೇರೆ: ಗ್ರಂಥಾಲಯದ ಹೊರಗೆ ನಿಂತಿದ್ದ ಕಾರಿಗೆ ಯಾರೋ ಬಡಿದು ಓಡಿಹೋದರು.

ಅವಳು ಅದನ್ನು ನಂಬಿದ್ದಲ್ಲದೆ ಮನಸ್ಸಿಗೂ ಹಚ್ಚಿಕೊಂಡಳು. ಅಂದಿನಿಂದ ಪ್ರತಿ ನವೆಂಬರಿನಲ್ಲಿ, ವಿಮೆಯ ಕಾಗದ ಬಂದಾಗ, ಆ ಅಜ್ಞಾತನಿಗೆ ನಮ್ಮ ಮನೆಯಲ್ಲಿ ಸಹಸ್ರನಾಮ ನಡೆಯುತ್ತದೆ. "ಯಾವ ಹಾಳಾದಂವನೋ, ಕಣ್ಣ ಇದ್ದಿಲ್ಲೇನ ಅವಗ? ಬಡದದ್ದು ಬಡದಾ, ನಿಂತು ಒಂದ ಮಾತು ಹೇಳಲಿಕ್ಕೆ ಬಾಯಿಗೇನಾಗಿತ್ತು?" ನಾನು ಪ್ರತಿ ವರ್ಷ ಕಂತಿನ ಕೋಷ್ಟಕವನ್ನು ಇನ್ನಷ್ಟು ಗಮನವಿಟ್ಟು ಓದುತ್ತಿದ್ದೆ.

ಮರುವರ್ಷ ಶಿವಪ್ಪಜ್ಜ ತೀರಿಕೊಂಡರೆಂದು ತಿಳಿದು ಆ ಊರಿಗೆ ಹೋದಾಗ ಉಳಿದದ್ದೆಲ್ಲ ಕಿವಿಗೆ ಬಿತ್ತು. ಫಕೀರಪ್ಪನವರು ತಾವೇ ನಿಂತು ಕಲ್ಲಿಗೆ ಹೊಸ ಕಟ್ಟೆ ಕಟ್ಟಿದ್ದರು, ಚಂದ್ರನನ್ನು ಸಿಮೆಂಟಿನಿಂದ ಅಂಟಿಸಿದ್ದರು. ಆ ಸಿಮೆಂಟನ್ನು ಕಂಡು ನನಗೆ ವೃತ್ತಿಸಹಜವಾದ ಕೋಪ ಬಂತೆಂಬುದನ್ನೂ ಇಲ್ಲಿ ದಾಖಲಿಸುತ್ತೇನೆ — ಕೋಪ, ನನಗೆ! ಊರಲ್ಲಿ ಅವರಿಗೆ ಚಂದ್ರಪ್ಪ ಎಂಬ ಹೆಸರು ಬಿದ್ದಿತ್ತು. ಅದು ತಮಾಷೆಯ ಮಾತಾಯಿತು. ತಮಾಷೆಯಲ್ಲದ್ದು ಬೇರೆ: ಅಲ್ಲಿಯವರೆಗೆ ಊರಿನ ಮದುವೆಗಳ ದಿಬ್ಬಣ ಹೋಗುತ್ತಿದ್ದದ್ದು ಅವರ ಟ್ರ್ಯಾಕ್ಟರಿನಲ್ಲಿ. ವೀರಪ್ಪನನ್ನು ಒಡೆದ ಗಾಡಿಯಲ್ಲಿ ಮದುಮಗಳನ್ನು ಕೂರಿಸಬಾರದೆಂದು ಊರವರು ಅದನ್ನು ಬಿಟ್ಟುಬಿಟ್ಟಿದ್ದರು.

ಕೇಳಿಸಿಕೊಂಡು ಸುಮ್ಮನೆ ಬಂದೆ. ಆಗ ಹೇಳಬಹುದಿತ್ತು. ಅದರ ಮರುವರ್ಷವೂ ಹೇಳಬಹುದಿತ್ತು. ಏಳು ನವೀಕರಣಗಳಿಗೆ ಸಹಿ ಹಾಕಿದೆ. ಏಳು ಸಲ ನನ್ನ ಮೌನಕ್ಕೆ ರಿಯಾಯಿತಿ ಪಡೆದೆ.

ಈ ವರ್ಷ ಕಂತು ಮತ್ತೆ ಏರಿತ್ತು. ಇಷ್ಟನ್ನು ಶುಕ್ರವಾರ ಬರೆದಿಟ್ಟೆ; ಮರುದಿನ, ಶನಿವಾರ, ನಮ್ಮ ಏಜೆಂಟ್ ಪ್ರಲ್ಹಾದ ಬಂದ. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಮೂವರೂ ಕುಳಿತೆವು — ಯಾವುದನ್ನು ಕಳೆಯಬಹುದು, ಯಾವುದನ್ನು ಇಟ್ಟುಕೊಳ್ಳಬೇಕು. ದಾರಿಯಲ್ಲಿ ಕೆಟ್ಟರೆ ಬಂದು ಎಳೆದುಕೊಂಡು ಹೋಗುವ ಸೌಲಭ್ಯಕ್ಕೆ ಬೇರೆ ಹಣವಿತ್ತು.

"ಅದನ್ನ ತಗೀರಿ," ಎಂದಳು ಸುಶೀಲಾ. "ಇವರು ಹೊಡಿಯೋ ಹೊಡತಕ್ಕ ಹಿಂದ ಬರೋ ಎತ್ತಿನ ಗಾಡೀನೂ ದಾಟಿ ಹೋಗ್ತದ. ಕೆಟ್ಟರ ಅದಕ್ಕ ಕಟ್ಟಿದರಾತು."

ಪ್ರಲ್ಹಾದ ನಕ್ಕ. "ನಗಬ್ಯಾಡ್ರಿ ವೈನಿ. ಸರ್ ಅಂಥಾ ನಿರ್ದೋಷಿ ಗಿರಾಕಿ ನನಗ ಇನ್ನೊಬ್ಬರಿಲ್ರಿ. ಒಂದು ಕ್ಲೇಮ್ ಇಲ್ಲ, ಒಂದು ತಕರಾರಿಲ್ಲ!"

"ಅವತ್ತ ಆ ಹಾಳಾದಂವಾ ಬಡದಾಗಾದರೂ ಕ್ಲೇಮ್ ಮಾಡ್ರಿ ಅಂತ ಬಡಕೊಂಡೆ," ಎಂದು ಅವಳು ಶುರುಮಾಡಿದಳು. ನನ್ನ ಕಿವಿಯಲ್ಲಿದ್ದದ್ದು ಪ್ರಲ್ಹಾದ ಹೇಳಿದ ನಿರ್ದೋಷಿ ಎಂಬ ಶಬ್ದ. ಎಂಟನೆಯ ಸಲ ಸಹಿ ಹಾಕಲು ತೆಗೆದಿದ್ದ ಪೆನ್ನನ್ನು ಕೆಳಗಿಟ್ಟೆ.

"ಆ ಹಾಳಾದಂವ ನಾನೇ," ಎಂದೆ. ಎಲ್ಲವನ್ನೂ ಹೇಳಿದೆ.

ಸುಶೀಲಾ ಹರಡಿದ್ದ ಕಾಗದಗಳನ್ನು ಒಟ್ಟುಮಾಡಿಟ್ಟಳು. ಆಮೇಲೆ ನಿಧಾನವಾಗಿ ಅಂದಳು: "ಹಂಗಾರ ಏಳು ವರ್ಷ ನಾ ಬೈದದ್ದು ಎಲ್ಲಾ ಸರಿಯಾದ ಮನಶ್ಯಾಗೇ ಮುಟ್ಟೇದ." ಮತ್ತೆ, ನಗದೆ: "ಆ ಫಕೀರಪ್ಪನ ಮನೀಗೆ ಎಂದ ಹೋಗೋದು?"

ನಾನು ಪ್ರಲ್ಹಾದನ ಕಡೆ ತಿರುಗಿ, ಬೋನಸ್ಸನ್ನು ತೆಗೆದುಹಾಕು, ಪೂರ್ತಿ ಕಂತು ಕಟ್ಟುತ್ತೇನೆ ಎಂದೆ. ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. "ಸರ್, ಕಂತು ಕಮ್ಮಿ ಮಾಡ್ರಿ ಅಂತ ಕೈಕಾಲು ಹಿಡದವರನ್ನ ನೋಡೇನ್ರಿ. ಹೆಚ್ಚ ಮಾಡ್ರಿ ಅಂದವರು ನೀವ ಮೊದಲ. ಆದರ ಹಂಗ ಬರಂಗಿಲ್ರಿ. ನೀವು ರೊಕ್ಕ ಕೇಳಿದ್ರೋ ಇಲ್ಲೋ, ಕಂಪನಿ ನೋಡೂದು ಅಷ್ಟ. ತಪ್ಪು ಮಾಡಿದ್ರೋ ಇಲ್ಲೋ, ಅದು ಅವರಿಗೆ ಸಂಬಂಧಿಲ್ಲ." ಹಾಗೆ ಬೋನಸ್ ಉಳಿಯಿತು. ಅದರಿಂದ ಬಿಡುಗಡೆ ಕೊಡಿಸುವವರು ಆ ಕಚೇರಿಯಲ್ಲಿ ಯಾರೂ ಇರಲಿಲ್ಲ.

ಮರುದಿನ, ನವೆಂಬರ್ ೧೬, ರವಿವಾರ, ಇಬ್ಬರೂ ಅದೇ ಕಾರಿನಲ್ಲಿ ಹೋದೆವು. ಫಕೀರಪ್ಪನವರು ಅಂಗಳದಲ್ಲಿ ಔಷಧಿ ಹೊಡೆಯುವ ಪಂಪು ಬಿಚ್ಚಿಕೊಂಡು ಕುಳಿತಿದ್ದರು. ನಿಂತುಕೊಂಡೇ ಹೇಳಿದೆ, ಕುಳಿತರೆ ಮಾತು ಬೇರೆ ಕಡೆ ಹೋದೀತೆಂಬ ಭಯವಿತ್ತು. ಅವರು ಮೊದಲು ನಕ್ಕರು.

"ಏ ಸರ್ರ, ಚಾಷ್ಟಿ ಮಾಡಾಕತ್ತೀರೇನು?"

ನನ್ನ ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದರು. ಕೈಯ ಎಣ್ಣೆಯನ್ನು ಅರಿವೆಗೆ ಒರೆಸಿದರು, ಮತ್ತೆ ಒರೆಸಿದರು. "ನಾ ಖರೇನ ನಂದ ಅಂತ ತಿಳದಿದ್ನಿರಿ. ಬಡದದ್ದು ಗೊತ್ತಾಗಲಿಲ್ಲಲ್ಲ, ಎಂಥಾ ಕುಡ್ಡ ಇದ್ದೇನಿ ನಾ ಅಂತ… ಅಮಾಸಿಗೊಂದು ಕಾಯಿ ಒಡದೇನಿ, ಒಂದೂ ತಪ್ಪಿಸಿಲ್ಲ." ಮತ್ತೆ ಮುಖ ಅರಳಿತು. "ಇನ್ನ ಮುಂದಿನ ಕಾಯಿ ನಿಮ್ಮವು ನೋಡ್ರಿ. ವೀರಪ್ಪಗ ಸಣ್ಣ ಕಾಯಿ ನಡಿಯಂಗಿಲ್ಲ ಮತ್ತ!"

ಸುಶೀಲಾ ನಕ್ಕಳು. ನನಗೆ ಆಗಲಿಲ್ಲ. ಊರವರು ಅವರನ್ನು ತಪ್ಪಿತಸ್ಥರೆಂದುಕೊಂಡದ್ದು ನನಗೆ ಗೊತ್ತಿತ್ತು. ಅವರೇ ಹಾಗೆ ಅಂದುಕೊಂಡಾರೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಏನು ಮಾಡಲಿ ಎಂದು ಕೇಳಿದೆ. ಅವರು ನೇರವಾಗಿ ಹೇಳಿದರು: "ನನ್ನ ಮುಂದ ಹೇಳಿದ್ರ ಏನ ಬಂತ್ರಿ? ಬರೂ ತಿಂಗಳ ನಮ್ಮ ಅಣ್ಣನ ಮಗಳ ಲಗ್ನ ಐತಿ. ನಂದ ಟ್ರ್ಯಾಕ್ಟರ್ ಮನಿ ಮುಂದ ಇಟಗೊಂಡು ದಿಬ್ಬಣಕ್ಕ ಬ್ಯಾರೇ ಗಾಡಿ ಹೇಳಾಕತ್ತಾರ. ಮುಂದಿನ ಐತವಾರ ಗುಡಿ ಮುಂದ ಎಲ್ಲಾರೂ ಕೂಡತಾರ. ಅಲ್ಲಿ ಬಂದು ಹೇಳ್ರಿ."

ಬರುತ್ತೇನೆ ಎಂದೆ. ಹೊರಡುವಾಗ ಅವರು, ದೂರಿನ ದನಿಯಲ್ಲಲ್ಲ, ಸುಮ್ಮನೆ ಅಂದರು: "ಅವತ್ತ ನೀವ ಹೇಳಿದ್ರಲ್ರಿ, ಅದಕ್ಕ ಒಪ್ಪಿಕೊಂಡೆ. ಕಲ್ಲಿನ ವಿಷಯ ತಿಳದವರು."

"ನಾನು ಹೇಳಲಿಲ್ಲ," ಎಂದೆ. "ಶಿವಪ್ಪಜ್ಜ ಹೇಳಿದ್ದು."

"ಹೌದೇನ್ರಿ? ಇರಬಹುದು ಬಿಡ್ರಿ. ಏಳು ವರ್ಷ ಆತು."

ಈ ಬರಹವನ್ನು ಇಲ್ಲಿಗೆ ನಿಲ್ಲಿಸಿ, ನವೆಂಬರ್ ೨೩ರ ರವಿವಾರಕ್ಕಾಗಿ ಕಾಯಬೇಕೆಂದಿದ್ದೆ. ಆದರೆ ಸಾಕ್ಷ್ಯಗಳೆರಡು ಹೊಂದದಿದ್ದಾಗ ಪರಿಶೀಲಿಸದೆ ಬಿಡುವುದು ನನ್ನಿಂದಾಗದು. ಇಂದು, ನವೆಂಬರ್ ೧೭, ಸೋಮವಾರ, ಅಂದಿನ ಧ್ವನಿಮುದ್ರಣವನ್ನು ಹುಡುಕಿ ತೆಗೆದು ಕೇಳಿದೆ. ಅಜ್ಜನ ಮನೆಯಲ್ಲೇ ಯಂತ್ರವನ್ನು ನಿಲ್ಲಿಸಿದೆನೆಂದು ತಿಳಿದಿದ್ದೆ. ಅದು ನನ್ನ ಅಂಗಿಯ ಜೇಬಿನಲ್ಲಿ ಓಡುತ್ತಲೇ ಇತ್ತು. ಚಪ್ಪಲಿಯ ಸದ್ದು, ಕೋಳಿಯ ಕೂಗು, ಜನರ ಗುಜುಗುಜು. ಆಮೇಲೆ ಶಿವಪ್ಪಜ್ಜನ ದನಿ: "ಮಳೀಗೆ ಸವದು ಬಿದ್ದಿರಬೇಕು ಬಿಡ್ರೋ, ಹಳೀ ಕಲ್ಲು." ಅವರು ಟ್ರೇಲರಿನ ಮಾತನ್ನೇ ಎತ್ತಿಲ್ಲ.

ಅದರ ಬೆನ್ನಿಗೆ ಇನ್ನೊಂದು ದನಿ — ಗಂಭೀರ, ನಿಸ್ಸಂದೇಹ, ವಿಚಾರಗೋಷ್ಠಿಯಲ್ಲಿ ಮಾತಾಡುವಂಥದ್ದು: "ಅಲ್ಲರಿ ಅಜ್ಜಾರ, ಇದು ಹೊಸಾ ಒಡಕು. ಟ್ರೇಲರ್‌ದ ಮೂಲಿ ಬಡದಂಗ ಕಾಣಸ್ತದ."

ಆ ದನಿ ನನ್ನದು. ನಾನು ಏನೂ ಹೇಳಲಿಲ್ಲ ಎಂದು ಮೇಲೆ ಬರೆದ ಸಾಲನ್ನು ಅಳಿಸಿಲ್ಲ. ದಾಖಲೆ ಅದಕ್ಕೆ ವಿರುದ್ಧವಾಗಿದೆ ಎಂದಷ್ಟೇ ಇಲ್ಲಿ ನಮೂದಿಸುತ್ತೇನೆ. ರವಿವಾರ ಗುಡಿಯ ಮುಂದೆ ಈ ಮುದ್ರಣವನ್ನೇ ಕೇಳಿಸುವವನಿದ್ದೇನೆ — ಅದರ ಕೊನೆಯ ಮಾತಿನವರೆಗೂ. ಆ ಕೊನೆಯ ಮಾತು ಫಕೀರಪ್ಪನವರದು:

"ಹೌದೇನ್ರಿ ಸರ್ರ? ನೀವ ಅಂತೀರಂದ್ರ ನಂದ ಇರಬೇಕ್ರಿ."