ಬಸ್ಸಿನಲ್ಲಿ ಮಗಳ ಬೆನ್ನು ತಟ್ಟಿದ್ದಕ್ಕೆ

ಗೆಳೆಯರೇ, ಚಳ್ಳಕೆರೆಯ ಸೈಬರ್ ಕೆಫೆಯಿಂದ ಬರೆಯುತ್ತಿದ್ದೇನೆ. ಇವತ್ತು ಸ್ವಲ್ಪದರಲ್ಲಿ ಪೊಲೀಸ್ ಸ್ಟೇಷನ್ ತಪ್ಪಿತು.

ನನ್ನ ಮಗಳು ಶಿಲ್ಪಾಳಿಗೆ ಸ್ನಾಯುಗಳು ಸೋಲುವ ಕಾಯಿಲೆ. ಕೆಮ್ಮಲು ಶಕ್ತಿ ಸಾಲದು, ಕಫ ಎದೆಯಲ್ಲೇ ಕೂರುತ್ತದೆ. ಆಗ ಬೋರಲು ಮಲಗಿಸಿ, ಅಂಗೈ ಗುಳಿ ಮಾಡಿ, ಬೆನ್ನು ತಟ್ಟಿ ಸಡಿಲಿಸಬೇಕು. ಮೊಳಕಾಲ್ಮೂರಿನಿಂದ ಬರುವಾಗ, ಬಸ್ಸು ತಳಕು ದಾಟುತ್ತಿದ್ದಂತೆ ಎದೆ ಗೊರಗೊರ ಎಂದಿತು. ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟತೊಡಗಿದೆ.

ಪಕ್ಕದಲ್ಲಿದ್ದ, ನನ್ನಿವಾಳ ಊರಿನ ಅಜ್ಜಿಯೊಬ್ಬರು ನನ್ನ ಕೈ ಹಿಡಿದೇಬಿಟ್ಟರು. "ಎಳೇ ಕೂಸಿಗೆ ಹಿಂಗ್ ಬಡೀತೀಯಲ್ಲೋ, ನಿನ್ ಕೈ ಸೇದೋಗ! ಸ್ಟೇಷನ್ ಹತ್ರ ನಿಲ್ಸಪ್ಪಾ ಬಸ್ಸು!"

ನಾನು ಬಾಯಿ ತೆರೆಯುವ ಮೊದಲೇ ತೊಡೆಯ ಮೇಲಿಂದ ಮಗಳ ದನಿ ಬಂತು. "ಅಜ್ಜಿ, ಅಪ್ಪ ಬಡೀತಿಲ್ಲ, ಕಫ ಬಿಡಿಸ್ತೈತೆ. ಬೇಕಾದ್ರೆ ನೀನೇ ತಟ್ಟು."

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಶುರುಮಾಡಿದರು. ಚಟ್ ಚಟ್!

"ಅಯ್ಯೋ, ನಾನು ರೊಟ್ಟಿ ಅಲ್ಲಜ್ಜಿ! ನೀರು ಹಿಡಿದಂಗೆ ಅಂಗೈ ಬಗ್ಸು."

ಅಜ್ಜಿ ಬಗ್ಗಿಸಿದರು. ಸದ್ದು ಡಬ್ ಡಬ್ ಎಂದಾಯಿತು. ಸ್ವಲ್ಪ ಹೊತ್ತಿಗೆ ಮಗಳನ್ನು ಕೂರಿಸಿ, ಅವಳು ಕೆಮ್ಮುವಾಗ ಹೊಟ್ಟೆ ಒತ್ತಿದೆ. ಕಫ ಟವೆಲ್ಲಿಗೆ ಬಂತು. ಉಸಿರು ಹಗುರಾಯಿತು. ಅಜ್ಜಿಯದು ಕೂಡ.

ಚಳ್ಳಕೆರೆಯಲ್ಲಿ ಮಗಳನ್ನು ಎತ್ತಿಕೊಂಡು ಇಳಿದೆ. ಮುಂದಿನ ಊರಿಗೆ ಹೊರಟಿದ್ದ ಅಜ್ಜಿ ಕಿಟಕಿಯಿಂದ ತಲೆ ಹಾಕಿ ಕೂಗಿದರು: "ಲೋ, ಕೂಸಿಗೆ ದಿನಾ ಬಡಿಯೋ! ಮರೀಬ್ಯಾಡ!"

ಬಸ್ಸು ಹೊರಟೇಹೋಯಿತು. ಇಡೀ ಬಸ್ ಸ್ಟ್ಯಾಂಡ್ ತಿರುಗಿ ನನ್ನನ್ನೇ ನೋಡುತ್ತಿತ್ತು.