ಅತ್ತಿಗೆ ಎಳೆದ ಸುಣ್ಣದ ಗೆರೆಗಳು

ಅತ್ತಿಗೆ ಮಲ್ಲಿಪಟ್ಟಣದ ನಮ್ಮ ಮನೆಗೆ ಬಂದು ಐದು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಆಗ ನನಗೆ ಹದಿನಾಲ್ಕು. ಮುಟ್ಟಾದ ಹೆಂಗಸರು ಮೂರು ದಿನ ಹೊರಜಗಲಿಯಲ್ಲಿ ಕೂರುತ್ತಿದ್ದ ಕಾಲ ಅದು. ಯಾರಿಗೆ ಯಾವಾಗ ಆಯಿತೆಂಬುದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅತ್ತಿಗೆ ಎರಡು ತಿಂಗಳು, ಮೂರು ತಿಂಗಳು ಹೊರಗೆ ಕೂರುತ್ತಲೇ ಇರಲಿಲ್ಲ. ಪ್ರತಿ ಸಲವೂ ಅವ್ವ ಬಸುರೆಂದೇ ನಂಬಿ ಅವಳ ಸೊಂಟದ ಬಿಂದಿಗೆ ಕಿತ್ತುಕೊಂಡು, ತುಪ್ಪದನ್ನ, ಕೊಬ್ಬರಿ ಬೆಲ್ಲ ತಿನ್ನಿಸುವಳು. ನಾಲ್ಕನೇ ತಿಂಗಳು ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ ಜಗಲಿಗೆ ಹೋಗುವಳು. ಮೈ ದಪ್ಪವಾಗುತ್ತ ಬಂತು. ಗದ್ದದಲ್ಲಿ ಒರಟು ಕೂದಲು ಮೂಡಿತು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುವುದನ್ನು ಜನ ನಾಚಿಕೆ ಅಂದುಕೊಂಡಿದ್ದರು.

ಕೊನೆಗೊಂದು ದಿನ ಅವ್ವ ಬೂವನಹಳ್ಳಿ ಕಡೆ ಇನ್ನೊಂದು ಹೆಣ್ಣು ನೋಡೋಣವೆಂದಳು. ಅಣ್ಣ ತಲೆ ಎತ್ತದೆ, "ಒಂದು ವರ್ಸ ತಾಳವ್ವ. ಆಸನ್ದಲ್ಲಿ ಲೇಡಿ ಡಾಕ್ಟ್ರು ಅವ್ರಂತೆ, ತೋರಿಸ್ಕೊಂಡು ಬತ್ತೀನಿ" ಅಂದ. ಅತ್ತಿಗೆಗೆ ಜೊತೆಯೆಂದು ನಾನೂ ಹಾಸನದ ಬಸ್ಸು ಹತ್ತಿದೆ.

ಡಾಕ್ಟರಮ್ಮ ನಮ್ಮೂರಿನಲ್ಲಿ ಪಿಸುಗುಟ್ಟುವ ಮಾತುಗಳನ್ನು ಉಪ್ಪು ಮೆಣಸಿನ ಸುದ್ದಿಯಂತೆ ಕೇಳಿದರು. ಎಷ್ಟು ದಿನಕ್ಕೊಮ್ಮೆ ಆಗುತ್ತೆ? ಕೂದಲು ಯಾವಾಗಿನಿಂದ? ಅತ್ತಿಗೆಯ ಸೆರಗು ತಾನಾಗಿ ಕೆಳಗಿಳಿಯಿತು. ಹೊಟ್ಟೆ ಒತ್ತಿ ನೋಡಿದ ಮೇಲೆ ಅಣ್ಣನನ್ನೂ ಒಳಗೆ ಕರೆದು, ಹಾಳೆಯ ಮೇಲೆ ಚಿತ್ರ ಬರೆದರು.

"ನೋಡಮ್ಮ, ಹೆಂಗಸಿನ ಹೊಟ್ಟೆಯಲ್ಲಿ ಬಾದಾಮಿಯಷ್ಟು ದೊಡ್ಡ ಎರಡು ಅಂಡಾಶಯ ಇರ್ತವೆ. ಅದರೊಳಗೆ ಸಾವಿರಾರು ಮೊಟ್ಟೆ, ಧೂಳಿನ ಕಣದಷ್ಟು ಸಣ್ಣವು. ತಿಂಗಳಿಗೊಂದು ಬಲಿತು ಹೊರಗೆ ಬರಬೇಕು. ನಿನ್ನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತೆ ಅಂತ ಕಾಣುತ್ತೆ. ಯಾರ ಶಾಪವೂ ಅಲ್ಲ."

ನನಗೆ ಮೈ ಜುಮ್ಮೆಂದಿತು. ಸಾವಿರಾರು! ನನ್ನೊಳಗೂ! ಯಾರಿಗೂ ಕಾಣದ ಜಾಗದಲ್ಲಿ ಯಾರೋ ತಿಂಗಳು ಎಣಿಸುತ್ತಿದ್ದಾರೆ ಅನ್ನಿಸಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ.

"ವಾಸಿ ಆಯ್ತದಾ, ತಾಯಿ?" ಅತ್ತಿಗೆ ಕೇಳಿದಳು.

"ಭಾಷೆ ಕೊಡಲಾರೆ. ನಮಗೇ ಇನ್ನೂ ಪೂರ್ತಿ ತಿಳಿದಿಲ್ಲ. ಮೈ ಇಳಿದರೆ ಕೆಲವರಿಗೆ ಸರಿಹೋಗಿದೆ. ತುಪ್ಪ, ಬೆಲ್ಲ ಕಡಿಮೆ ಮಾಡು. ಗದ್ದೆ ಕೆಲಸಕ್ಕೆ ಹೋಗು. ದಿನ ಲೆಕ್ಕ ಇಡು."

ಮನೆಗೆ ಬಂದು ಹೇಳಿದಾಗ, "ತಿನ್ನಬ್ಯಾಡ, ಗೇಯಿ ಅನ್ನಾಕೆ ಆಸನದ ಡಾಕ್ಟ್ರು ಬೇಕಾಗಿತ್ತಾ?" ಎಂದು ಅವ್ವ ರೇಗಿದಳು. ಮಾರನೆಯ ಬೆಳಿಗ್ಗೆಯೇ ಅತ್ತಿಗೆ ಬಿಂದಿಗೆ ಎತ್ತಿಕೊಂಡಳು. ಕಳೆ ಕಿತ್ತಳು, ನಾಟಿ ಹಾಕಿದಳು, ಎರಡು ಮುದ್ದೆ ಉಣ್ಣುತ್ತಿದ್ದವಳು ಒಂದಕ್ಕೆ ಇಳಿದು ಸೊಪ್ಪಿನ ಸಾರು ಹೆಚ್ಚು ಬಡಿಸಿಕೊಂಡಳು. ಅಕ್ಷರ ಬಾರದ ಅವಳು ಕಣಜದ ಕೋಣೆಯ ಗೋಡೆಗೆ ದಿನಕ್ಕೊಂದು ಸುಣ್ಣದ ಗೆರೆ ಎಳೆದಳು. ಹೊರಗೆ ಕೂತ ದಿನಗಳಲ್ಲಿ ಅವಳ ಪರವಾಗಿ ನಾನು ಎಳೆಯುತ್ತಿದ್ದೆ. ಮುಟ್ಟಾದ ದಿನ ಗೆರೆಯ ಪಕ್ಕ ಕುಂಕುಮದ ಬೊಟ್ಟು. ಮೊದಲ ಎರಡು ಬೊಟ್ಟುಗಳ ನಡುವೆ ಎಪ್ಪತ್ತು ಗೆರೆ. ಆಮೇಲೆ ಐವತ್ತೆರಡು. ಸುಗ್ಗಿ ಮುಗಿಯುವ ಹೊತ್ತಿಗೆ ಮೂವತ್ತಾರು. ಒಂದು ಮಧ್ಯಾಹ್ನ ಅವ್ವ ಒಬ್ಬಳೇ ಆ ಗೋಡೆಯ ಮುಂದೆ ನಿಂತು ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದಳು. ಬೂವನಹಳ್ಳಿಯ ಮಾತು ಮತ್ತೆ ಎತ್ತಲಿಲ್ಲ.

ಎರಡನೆಯ ವರ್ಷ ಮಗಳು ಹುಟ್ಟಿದಳು. ಗದ್ದದ ಕೂದಲು ಹೋಗಲಿಲ್ಲ, ಮುಟ್ಟು ಆಮೇಲೂ ಆಗಾಗ ತಪ್ಪುತ್ತಿತ್ತು. ಆಗೆಲ್ಲ ಅತ್ತಿಗೆ ಅಳದೆ ಊಟ ಇಳಿಸಿ, ಕೆಲಸ ಹೆಚ್ಚಿಸುವಳು.

ಮುಂದೊಮ್ಮೆ ಕೊಣನೂರಿನ ಚಿಕ್ಕವ್ವ ಮಕ್ಕಳಾಗದ ಸೊಸೆಯನ್ನು ಕರೆತಂದು ಅವ್ವನ ಮುಂದೆ ನಿಲ್ಲಿಸಿದಳು. ಅವ್ವ ಆ ಹುಡುಗಿಯ ಕೈ ಹಿಡಿದು ಅತ್ತಿಗೆಯ ಪಕ್ಕ ಕೂರಿಸಿದಳು. "ಇವಳನ್ನ ಕೇಳು ಕಣವ್ವ, ನಂಗೇನೂ ತಿಳೀದು."